ಮೊಣಕೈ ನೋವು, ತಿರುಗದ ಚೆಂಡು: ದೋಷ ರ್‍ಯಾಕೆಟ್‌ನ ಯಾವ ಭಾಗದಲ್ಲಿದೆ?

"ಟಾಪ್‌ಸ್ಪಿನ್ ಸರಿಯಾಗಿ ಬರ್ತಿಲ್ಲ, ಮೇಲಿಂದ ಮೊಣಕೈ ಬೇರೆ ನೋಯ್ತಿದೆ. ಯಾವ ರ್‍ಯಾಕೆಟ್ ತಗೊಳ್ಳಲಿ?" ಟೆನಿಸ್ ಆಡುವವರ ಬಾಯಲ್ಲಿ ಈ ಪ್ರಶ್ನೆ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. (ಟಾಪ್‌ಸ್ಪಿನ್ ಅಂದರೆ ಚೆಂಡು ಮುಂದಕ್ಕೆ ಉರುಳುವ ಹಾಗೆ ತಿರುಗುತ್ತಾ ಹೋಗುವುದು.) ಒಂದು ಕಾಲದಲ್ಲಿ ನಾನೂ ಕೇಳಿದ್ದೆ. ಉತ್ತರವಾಗಿ ನನ್ನ ಕೈಗೆ ಬಂದದ್ದು ಹೊಸ ರ್‍ಯಾಕೆಟ್. ಹಗುರ, ಆದರೆ ತಲೆ ಕಡೆ ಭಾರ. ಗಟ್ಟಿ ಫ್ರೇಮ್. ಪೂರ್ತಿ ಪಾಲಿಯೆಸ್ಟರ್ ಸ್ಟ್ರಿಂಗ್, 56 ಪೌಂಡ್ ಬಿಗುವು. ಮೊದಲ ವಾರ ಚೆಂಡು ಚೆನ್ನಾಗಿ ತಿರುಗಿತು. ಆರನೇ ವಾರಕ್ಕೆ ಬಾಗಿಲ ಹಿಡಿ ತಿರುಗಿಸೋಕೆ ಎಡಗೈ ಬಳಸುತ್ತಿದ್ದೆ.

ಆಮೇಲೆ ಕೆಲವು ವಾರ ಆಟ ನಿಲ್ಲಿಸಿದೆ, ಫಿಸಿಯೋ ಹೇಳಿದ ವ್ಯಾಯಾಮ ಮಾಡಿದೆ. ವಾಪಸ್ ಬಂದಾಗ ಫ್ರೇಮ್ ಅದೇ ಇತ್ತು. ಸ್ಟ್ರಿಂಗ್ ಬದಲಿಸಿದೆ, ಬಿಗುವು ಇಳಿಸಿದೆ, ಹಿಡಿ ಸ್ವಲ್ಪ ದಪ್ಪ ಮಾಡಿದೆ. ನೋವು ಮರುಕಳಿಸಲಿಲ್ಲ. ಸ್ಪಿನ್ನೂ ಕಡಿಮೆಯಾಗಲಿಲ್ಲ. ಫ್ರೇಮ್ ಬದಲಿಸಿದ್ದು ತುಂಬ ದಿನ ಬಿಟ್ಟು.

ಅದಕ್ಕೇ ಈ ಬರಹದ ಕ್ರಮ ಹೀಗಿದೆ: ಮೊದಲು ನೋವಿನ ಜಾಗ, ಆಮೇಲೆ ಸ್ಟ್ರಿಂಗ್, ಆಮೇಲೆ ಹಿಡಿ, ತೂಕ, ಕೊನೆಗೆ ಫ್ರೇಮ್. ಸುಲಭವಾಗಿ ಬದಲಿಸಬಹುದಾದದ್ದು ಮೊದಲು, ಹಣ ಜಾಸ್ತಿ ಬೇಡುವುದು ಕೊನೆಗೆ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ. ಎರಡು ಒಟ್ಟಿಗೆ ಬದಲಿಸಿದರೆ ಗುಣ ಯಾವುದರಿಂದ ಬಂತು ಅಂತ ಎಂದಿಗೂ ಗೊತ್ತಾಗುವುದಿಲ್ಲ.

ನೋವು ಎಲ್ಲಿದೆ?

"ಕೈ ನೋವು" ಅಂದರೆ ಸಾಲದು. ಬೆರಳಿಟ್ಟು ತೋರಿಸಬೇಕು.

ಮೊಣಕೈಯ ಹೊರಬದಿಯ ಮೂಳೆ ಉಬ್ಬಿನ ಮೇಲೆ ಒತ್ತಿದರೆ ನೋಯುತ್ತದಾ? ಇದೇ ಟೆನಿಸ್ ಎಲ್ಬೋ. ಮಣಿಕಟ್ಟನ್ನು ಹಿಂದಕ್ಕೆ ಎತ್ತುವ ಸ್ನಾಯುಗಳು ಹುರಿಯಾಗಿ ಬಂದು ಅಂಟಿಕೊಳ್ಳುವ ಜಾಗ ಅದು. ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಕೈ ನೇರ ಚಾಚಿ, ಅಂಗೈ ಕೆಳಮುಖ ಮಾಡಿ, ಒಂದು ಹಗುರವಾದ ಕುರ್ಚಿಯ ಬೆನ್ನನ್ನು ಮೇಲಿಂದ ಹಿಡಿದು ಎತ್ತಿ ನೋಡಿ. ಹೊರಬದಿಯಲ್ಲಿ ಚುಳ್ ಅಂದರೆ ಅನುಮಾನ ಬಲವಾಯಿತು. ತಡವಾಗಿ ಹೊಡೆಯುವ ಒಂದು ಕೈಯ ಬ್ಯಾಕ್‌ಹ್ಯಾಂಡ್, ಗಟ್ಟಿ ಸ್ಟ್ರಿಂಗ್, ಬಿಗಿ ಹಿಡಿತ, ಇವು ಮಾಮೂಲಿ ಕಾರಣಗಳು.

ಒಳಬದಿಯಲ್ಲಿ ನೋವಿದ್ದರೆ ಅದು ಬೇರೆ ಸ್ನಾಯುಗಳ ಕಥೆ. ಇದನ್ನು ಗಾಲ್ಫರ್ಸ್ ಎಲ್ಬೋ ಅನ್ನುತ್ತಾರೆ, ಆದರೆ ಟೆನಿಸ್ ಆಡುವವರಿಗೂ ಬರುತ್ತದೆ. ಸರ್ವ್‌ನಲ್ಲಿ ಮಣಿಕಟ್ಟನ್ನು ಜೋರಾಗಿ ಬೀಸುವವರಿಗೆ, ಟಾಪ್‌ಸ್ಪಿನ್ ಪೂರ್ತಿ ಕೈಯಿಂದಲೇ ತೆಗೆಯಲು ಹೋಗುವವರಿಗೆ ಜಾಸ್ತಿ. ಇಲ್ಲಿ ರ್‍ಯಾಕೆಟ್‌ಗಿಂತ ಹೊಡೆತದ ರೀತಿಯ ಮೇಲೆ ಮೊದಲು ಕಣ್ಣಿಡಿ.

ಕಿರುಬೆರಳ ಕಡೆಯ ಮಣಿಕಟ್ಟು ನೋಯುತ್ತಿದ್ದರೆ ನೀವು ರ್‍ಯಾಕೆಟ್ ಹಿಡಿಯುವ ಬಗೆ ನೋಡಿಕೊಳ್ಳಿ. ಅಂಗೈ ಪೂರ್ತಿ ಹಿಡಿಯ ಕೆಳಗೆ ಹೋಗುವ ವೆಸ್ಟರ್ನ್ ಗ್ರಿಪ್‌ನಲ್ಲಿ ಈ ಜಾಗದ ಮೇಲೆ ಒತ್ತಡ ಬೀಳುತ್ತದೆ.

ಬೆರಳುಗಳಲ್ಲಿ ಜೋಮು, ಕತ್ತಿನಿಂದ ಇಳಿದು ಬರುವ ನೋವು, ರಾತ್ರಿ ನಿದ್ದೆ ಕೆಡಿಸುವ ನೋವು, ಊತ, ಇದ್ದಕ್ಕಿದ್ದಂತೆ ಹಿಡಿತದ ಬಲ ಹೋಗುವುದು, ಇವುಗಳಲ್ಲಿ ಯಾವುದಿದ್ದರೂ ಮುಂದೆ ಓದುವ ಮೊದಲು ವೈದ್ಯರ ಹತ್ತಿರ ಹೋಗಿ. ಯಾವ ರ್‍ಯಾಕೆಟ್ಟೂ ಅದನ್ನು ಗುಣಪಡಿಸುವುದಿಲ್ಲ.

ಸ್ಟ್ರಿಂಗ್: ಮೊದಲ ಅನುಮಾನ ಇದರ ಮೇಲೆ

ರ್‍ಯಾಕೆಟ್‌ನಲ್ಲಿ ಚೆಂಡಿಗೆ ತಾಗುವುದು ಸ್ಟ್ರಿಂಗ್ ಒಂದೇ. ಆ ಸ್ಪರ್ಶ ಸುಮಾರು 5 ಮಿಲಿಸೆಕೆಂಡ್ ಇರುತ್ತದೆ. ಕಣ್ಣು ಮಿಟುಕಿಸುವುದಕ್ಕೆ ಇದರ ಎಷ್ಟೋ ಪಟ್ಟು ಹೊತ್ತು ಬೇಕು. ಸ್ಪಿನ್ ಹುಟ್ಟುವುದೂ ಅಷ್ಟರಲ್ಲೇ, ಮೊಣಕೈಗೆ ಪೆಟ್ಟು ಹೊರಡುವುದೂ ಅಷ್ಟರಲ್ಲೇ. ಹೀಗಿದ್ದೂ ಫ್ರೇಮ್ ಆರಿಸಲು ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತೇವೆ. ಗಟ್ಟಿಂಗ್ ಮಾಡಿಸುವಾಗ, ಅಂದರೆ ಸ್ಟ್ರಿಂಗ್ ಹಾಕಿಸುವಾಗ ಮಾತ್ರ "ಯಾವುದಾದ್ರೂ ಹಾಕಿ" ಅಂದುಬಿಡುತ್ತೇವೆ.

ಸ್ಪಿನ್ ಹೇಗೆ ಬರುತ್ತದೆ ಅಂತ ಒಮ್ಮೆ ಬೆರಳಿನಿಂದಲೇ ನೋಡಿ. ರ್‍ಯಾಕೆಟ್ ತಲೆಯ ನಡುವಿನ ಒಂದು ಉದ್ದದ ಸ್ಟ್ರಿಂಗ್ ಹಿಡಿದು ಪಕ್ಕಕ್ಕೆ ಅರ್ಧ ಸೆಂಟಿಮೀಟರ್ ಎಳೆದು ಬಿಡಿ. ಟಪ್ ಅಂತ ತನ್ನ ಜಾಗಕ್ಕೆ ವಾಪಸ್ ಬಂದರೆ ಸ್ಟ್ರಿಂಗ್ ಜೀವಂತವಾಗಿದೆ. ಕೆಳಗಿಂದ ಮೇಲಕ್ಕೆ ಬೀಸಿ ಹೊಡೆದಾಗ ಚೆಂಡು ಉದ್ದದ ಸ್ಟ್ರಿಂಗ್‌ಗಳನ್ನು ಹೀಗೇ ಪಕ್ಕಕ್ಕೆ ತಳ್ಳುತ್ತದೆ. ಅವು ವಾಪಸ್ ಚಿಮ್ಮುವಾಗ ಚೆಂಡಿಗೆ ಹೆಚ್ಚುವರಿ ತಿರುಗು ಕೊಡುತ್ತವೆ. ಎಳೆದ ಸ್ಟ್ರಿಂಗ್ ಅಲ್ಲೇ ನಿಂತುಬಿಟ್ಟರೆ, ಅಥವಾ ಸೋಮಾರಿಯಾಗಿ ಅರ್ಧ ದಾರಿ ಬಂದರೆ, ಆ ತಿರುಗು ನಿಮಗೆ ಸಿಗುತ್ತಿಲ್ಲ.

ಈಗ ಬೆಳಕಿಗೆ ಹಿಡಿದು ಉದ್ದ, ಅಡ್ಡ ಸ್ಟ್ರಿಂಗ್‌ಗಳು ದಾಟುವ ಜಾಗ ನೋಡಿ. ಒಂದು ಉದ್ದದ ಸ್ಟ್ರಿಂಗನ್ನು ಉಗುರಿನಿಂದ ಸ್ವಲ್ಪ ಸರಿಸಿದರೆ ಅದರ ಕೆಳಗೆ ಗರಗಸದಿಂದ ಕೊಯ್ದಂತೆ ಒಂದು ಕಚ್ಚು ಕಾಣುತ್ತದೆ. ಕಚ್ಚು ಆಳವಾದಷ್ಟೂ ಅಡ್ಡ ಸ್ಟ್ರಿಂಗ್ ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಜಾರುವುದು ನಿಲ್ಲುತ್ತದೆ. ಸ್ಟ್ರಿಂಗ್ ತುಂಡಾಗಿಲ್ಲ ನಿಜ, ಆದರೆ ಅದರ ಕೆಲಸ ಮುಗಿದಿದೆ.

ಪಾಲಿಯೆಸ್ಟರ್ ಸ್ಟ್ರಿಂಗ್‌ಗೆ ಈ ಆಟದಲ್ಲಿ ಇಷ್ಟು ಹೆಸರು ಬಂದದ್ದು ಈ ಜಾರುವ ಗುಣದಿಂದಲೇ. 1997ರ ಫ್ರೆಂಚ್ ಓಪನ್ ಅನ್ನು ಬ್ರೆಜಿಲ್‌ನ ಗುಸ್ತಾವೊ ಕುಯೆರ್ಟನ್ ಲುಕ್ಸಿಲಾನ್ ಕಂಪನಿಯ ಪಾಲಿ (ಪಾಲಿಯೆಸ್ಟರ್ ಸ್ಟ್ರಿಂಗ್) ಹಾಕಿಕೊಂಡು ಗೆದ್ದ ಮೇಲೆ ಎಲ್ಲರ ಕಣ್ಣೂ ಅದರ ಮೇಲೆ ಬಿತ್ತು. ಅದಕ್ಕೂ ಇಪ್ಪತ್ತು ವರ್ಷ ಮುಂಚೆಯೇ ಸ್ಟ್ರಿಂಗ್ ಜಾರಿದರೆ ಏನಾಗುತ್ತದೆ ಅಂತ ಜಗತ್ತು ನೋಡಿತ್ತು. 1977ರಲ್ಲಿ ರೊಮೇನಿಯಾದ ಆಟಗಾರ ಇಲಿ ನಸ್ತಾಸೆ "ಸ್ಪಗೆಟಿ" ಅಂತ ಕರೆಯುತ್ತಿದ್ದ ಎರಡು ಪದರದ ಸ್ಟ್ರಿಂಗ್ ರ್‍ಯಾಕೆಟ್ ಹಿಡಿದು ಅರ್ಜೆಂಟೀನಾದ ಗಿಲೆರ್ಮೊ ವಿಲಾಸ್ ಎದುರು ಆಡಿದರು. ಮಣ್ಣಿನ ಅಂಗಳದಲ್ಲಿ 53 ಪಂದ್ಯ ಸತತವಾಗಿ ಗೆದ್ದಿದ್ದ ವಿಲಾಸ್ ಎರಡು ಸೆಟ್ ಸೋತು ಆಟ ಬಿಟ್ಟು ನಡೆದರು. ಅಂಥ ರ್‍ಯಾಕೆಟ್‌ಗಳನ್ನು ಆಮೇಲೆ ನಿಷೇಧಿಸಿದರು. ಒಟ್ಟಿನಲ್ಲಿ ಸ್ಪಿನ್‌ನ ಗುಟ್ಟು ಜಾರುವ ಸ್ಟ್ರಿಂಗ್‌ನಲ್ಲಿದೆ.

ತೊಂದರೆ ಏನೆಂದರೆ ಪಾಲಿ ಜಾರುತ್ತದೆ, ಆದರೆ ಹಿಗ್ಗುವುದು ಕಡಿಮೆ. ಚೆಂಡನ್ನು ಮೆತ್ತಗೆ ಹಿಡಿದು ವಾಪಸ್ ಕಳಿಸುವುದಿಲ್ಲ, ಗಕ್ಕನೆ ನಿಲ್ಲಿಸುತ್ತದೆ. ಆ ಪೆಟ್ಟು ಕೈಗೆ ಬರುತ್ತದೆ. ಇನ್ನೊಂದು ತೊಂದರೆ ಜಾಸ್ತಿ ಜನ ಗಮನಿಸುವುದಿಲ್ಲ. ಪಾಲಿ ಬಹಳ ಬೇಗ ಸಾಯುತ್ತದೆ. ಬಿಗುವು ಇಳಿಯುತ್ತದೆ, ಚಿಮ್ಮುವ ಗುಣ ಹೋಗುತ್ತದೆ. ಚೆಂಡು ಮುಂಚಿನ ಹಾಗೆ ಹೋಗುತ್ತಿಲ್ಲ ಅಂತ ನೀವು ಗೊತ್ತಿಲ್ಲದೇ ಇನ್ನೂ ಜೋರಾಗಿ ಬೀಸುತ್ತೀರಿ. "ನನ್ನ ಮೊಣಕೈ ಹಾಳಾದದ್ದು ಹೊಸ ಪಾಲಿಯಿಂದಲ್ಲ, ಐದು ತಿಂಗಳ ಹಿಂದೆಯೇ ಬಿಚ್ಚಬೇಕಿದ್ದ ಪಾಲಿಯಿಂದ" ಅಂತ ಹೇಳುವ ಗೆಳೆಯರು ನನಗೆ ಎಷ್ಟೋ ಜನ ಸಿಕ್ಕಿದ್ದಾರೆ.

ಹಾಗಾಗಿ ಗಂಟೆ ಲೆಕ್ಕ ಇಡಿ. ಪಾಲಿಯನ್ನು 10ರಿಂದ 20 ಗಂಟೆ ಆಟಕ್ಕೆ ಬದಲಿಸಿ, ತುಂಡಾಗಲಿ ಬಿಡಲಿ. ವಾರಕ್ಕೆ ಎರಡು ಸಲ, ಒಂದೂವರೆ ಗಂಟೆ ಆಡುವವರಿಗೆ ಅದು ಹೆಚ್ಚೆಂದರೆ ಒಂದೂವರೆ ತಿಂಗಳು. "ಅಷ್ಟು ಬೇಗ ಬದಲಿಸೋಕೆ ಆಗಲ್ಲ" ಅನ್ನುವವರಾದರೆ ಪಾಲಿ ನಿಮ್ಮ ಸ್ಟ್ರಿಂಗ್ ಅಲ್ಲ. ನೇರವಾಗಿ ಹೇಳುತ್ತಿದ್ದೇನೆ, ಏಕೆಂದರೆ ಇದೊಂದು ವಿಷಯದಲ್ಲಿ ಮುಲಾಜು ಮಾಡಿದರೆ ಕೈ ಹೋಗುತ್ತದೆ.

ಬೇರೆ ದಾರಿಗಳಿವೆ. ಮಲ್ಟಿಫಿಲಮೆಂಟ್ ಅಂದರೆ ನೂರಾರು ಸಣ್ಣ ಎಳೆಗಳನ್ನು ಹೊಸೆದು ಮಾಡಿದ ಸ್ಟ್ರಿಂಗ್. ಮೆತ್ತಗಿರುತ್ತದೆ, ಕೈಗೆ ಹಿತ. ಆದರೆ ಆಡುತ್ತಾ ಆಡುತ್ತಾ ಉದ್ದದ ಸ್ಟ್ರಿಂಗ್‌ಗಳು ಸರಿದು ಅಲ್ಲೇ ನಿಲ್ಲುತ್ತವೆ, ಪಾಯಿಂಟ್ ಮುಗಿದ ಮೇಲೆ ಬೆರಳಿನಿಂದ ನೆಟ್ಟಗೆ ಮಾಡಬೇಕಾಗುತ್ತದೆ. ನೈಲಾನ್‌ನ ಸಾದಾ ಸಿಂಥೆಟಿಕ್ ಗಟ್ ನಡುವಿನದು. ಎಲ್ಲಕ್ಕಿಂತ ಮೃದು, ಬಿಗುವನ್ನು ಎಲ್ಲಕ್ಕಿಂತ ಚೆನ್ನಾಗಿ ಉಳಿಸಿಕೊಳ್ಳುವುದು ನ್ಯಾಚುರಲ್ ಗಟ್. ಅದು ಹಸುವಿನ ಕರುಳಿನಿಂದ ಮಾಡಿದ ದಾರ. ಗಟ್ಟಿಂಗ್ ಅನ್ನುವ ಮಾತು ಬಂದದ್ದೇ ಅದರಿಂದ. ಬೆಲೆ ಜಾಸ್ತಿ, ನೀರು ಸೋಕಿದರೆ ಹಾಳಾಗುತ್ತದೆ. ಪ್ರಾಣಿಜನ್ಯ ವಸ್ತು ಬೇಡ ಅನ್ನುವವರಿಗೆ ಮಲ್ಟಿಫಿಲಮೆಂಟ್ ಇದೆ.

ಸ್ಪಿನ್ನೂ ಬೇಕು, ಹಿತವೂ ಬೇಕು ಅನ್ನುವವರಿಗೆ ನಾನು ಮೊದಲು ಹೇಳುವುದು ಹೈಬ್ರಿಡ್. ಉದ್ದಕ್ಕೆ ಒಂದು ಬಗೆ, ಅಡ್ಡಕ್ಕೆ ಇನ್ನೊಂದು ಬಗೆ. ರೋಜರ್ ಫೆಡರರ್ ಉದ್ದಕ್ಕೆ ನ್ಯಾಚುರಲ್ ಗಟ್, ಅಡ್ಡಕ್ಕೆ ಪಾಲಿ ಹಾಕುತ್ತಿದ್ದರು. ನಯವಾದ ಪಾಲಿಯ ಮೇಲೆ ಗಟ್ ಚೆನ್ನಾಗಿ ಜಾರುತ್ತದೆ. ಆಟದ ಅನುಭವ ಜಾಸ್ತಿ ಕೊಡುವುದು ಉದ್ದದ ಸ್ಟ್ರಿಂಗ್, ಹಾಗಾಗಿ ಕೈಗೂ ಮೆತ್ತಗೆ. ಪಾಲಿಯನ್ನು ಉದ್ದಕ್ಕೆ, ಮಲ್ಟಿಫಿಲಮೆಂಟ್ ಅಡ್ಡಕ್ಕೆ ಹಾಕುವವರೂ ಇದ್ದಾರೆ. ಸ್ಪಿನ್ ಸಿಗುತ್ತದೆ, ಆದರೆ ಕೈ ನೋವು ಈಗಾಗಲೇ ಇದ್ದರೆ ನಾನು ಅದನ್ನು ಒಪ್ಪುವುದಿಲ್ಲ.

ಇನ್ನು ಬಿಗುವು. ಬಿಗಿಯಾಗಿ ಹಾಕಿಸಿದರೆ ಸ್ಪಿನ್ ಜಾಸ್ತಿ ಅನ್ನುವ ನಂಬಿಕೆ ತುಂಬಾ ಜನರಲ್ಲಿದೆ. ಬಿಗುವು ಬದಲಾದಾಗ ಮುಖ್ಯವಾಗಿ ಬದಲಾಗುವುದು ಚೆಂಡು ಎಷ್ಟು ಆಳಕ್ಕೆ ಹೋಗುತ್ತದೆ ಅನ್ನುವುದು ಮತ್ತು ಕೈಗೆ ಎಷ್ಟು ಪೆಟ್ಟು ಬರುತ್ತದೆ ಅನ್ನುವುದು. ಸ್ಪಿನ್ ಮೇಲೆ ಅದರ ಪರಿಣಾಮ ಚಿಕ್ಕದು. ನೋವಿದ್ದರೆ ಈಗಿರುವುದಕ್ಕಿಂತ 4 ಪೌಂಡ್ ಇಳಿಸಿ ಆಡಿ ನೋಡಿ. ಪಾಲಿ ಆದರೆ 44ರಿಂದ 50 ಪೌಂಡ್ ಒಳಗೆ ಸಾಕು. ಮೊದಲ ಅರ್ಧ ಗಂಟೆ ಚೆಂಡು ಬೇಸ್‌ಲೈನ್ (ಅಂಗಳದ ಹಿಂದಿನ ಗೆರೆ) ದಾಟಿ ಹೋಗಬಹುದು. ಹೆದರಬೇಡಿ. ರ್‍ಯಾಕೆಟ್ ಬೀಸನ್ನು ಕಡಿಮೆ ಮಾಡದೆ ಇನ್ನೂ ಕೆಳಗಿಂದ ಮೇಲಕ್ಕೆ ಬೀಸಿ, ಚೆಂಡು ಒಳಗೆ ಬೀಳತೊಡಗುತ್ತದೆ.

ಸ್ಟ್ರಿಂಗ್ ನಡುವೆ ಸಿಗಿಸುವ ರಬ್ಬರ್ ಡ್ಯಾಂಪನರ್ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಅದು "ಟಿಂಗ್" ಸದ್ದನ್ನು ನಿಲ್ಲಿಸುತ್ತದೆ, ಅಷ್ಟೇ. ಕೈಗೆ ಬರುವ ಪೆಟ್ಟು ಫ್ರೇಮ್ ಮೂಲಕ ಬರುತ್ತದೆ, ಅದನ್ನು ಈ ಸಣ್ಣ ರಬ್ಬರ್ ತುಂಡು ತಡೆಯಲಾರದು. ಸದ್ದು ಇಷ್ಟವಿಲ್ಲದಿದ್ದರೆ ಹಾಕಿ, ಮೊಣಕೈಗೆ ಔಷಧಿ ಅಂತ ಹಾಕಬೇಡಿ.

ಹಿಡಿ: ಎರಡು ನಿಮಿಷದ ತಪಾಸಣೆ

ಹಿಡಿ ತೀರಾ ಸಣ್ಣದಿದ್ದರೆ ರ್‍ಯಾಕೆಟ್ ಕೈಯಲ್ಲಿ ತಿರುಗದಂತೆ ನೀವು ಗಟ್ಟಿಯಾಗಿ ಅಮುಕುತ್ತೀರಿ. ತೀರಾ ದೊಡ್ಡದಿದ್ದರೆ ಬೆರಳು ಪೂರ್ತಿ ಸುತ್ತುವುದಿಲ್ಲ, ಆಗಲೂ ಅಮುಕುತ್ತೀರಿ, ಜೊತೆಗೆ ಮಣಿಕಟ್ಟು ಸಡಿಲವಾಗಿ ಓಡದೆ ಸ್ಪಿನ್ ಕಡಿಮೆಯಾಗುತ್ತದೆ.

ಫೋರ್‌ಹ್ಯಾಂಡ್ ಹಿಡಿತದಲ್ಲಿ ರ್‍ಯಾಕೆಟ್ ಹಿಡಿಯಿರಿ. ಇನ್ನೊಂದು ಕೈಯ ತೋರುಬೆರಳನ್ನು ಉಂಗುರ ಬೆರಳ ತುದಿಗೂ ಅಂಗೈಯ ದಿಂಡಿಗೂ ನಡುವೆ ಇಡಿ. ಸರಿಯಾಗಿ ಹಿಡಿಸಿದರೆ ಅಳತೆ ಸರಿ. ಬೆರಳು ನುಗ್ಗುವುದೇ ಇಲ್ಲ ಅಂದರೆ ಹಿಡಿ ಸಣ್ಣದು. ಜಾಗ ಉಳಿದರೆ ದೊಡ್ಡದು. ಸ್ಕೇಲಿನಿಂದ ಅಳೆಯುವುದಾದರೆ ಅಂಗೈಯ ನಡುಗೆರೆಯಿಂದ ಉಂಗುರ ಬೆರಳ ತುದಿಯವರೆಗೆ ಅಳೆಯಿರಿ. ನಾಲ್ಕೂ ಕಾಲು ಇಂಚು ಬಂದರೆ ಅದು ಗ್ರಿಪ್ 2, ನಾಲ್ಕು ಇಂಚಿನ ಮೇಲೆ 3/8 ಇಂಚು ಬಂದರೆ ಗ್ರಿಪ್ 3.

ಎರಡರ ನಡುವೆ ಬಂದರೆ ಚಿಕ್ಕದನ್ನೇ ತಗೊಳ್ಳಿ. ಹಿಡಿಯ ಮೂಲ ಗ್ರಿಪ್ ಮೇಲೆ ಒಂದು ಓವರ್‌ಗ್ರಿಪ್ (ತೆಳುವಾದ ಪಟ್ಟಿ) ಸುತ್ತಿದರೆ ಸುಮಾರು ಅರ್ಧ ಸೈಜ್ ಹೆಚ್ಚುತ್ತದೆ. ದೊಡ್ಡ ಹಿಡಿಯನ್ನು ಸಣ್ಣ ಮಾಡುವುದು ಸುಲಭವಿಲ್ಲ. ಬೆವರಿನಿಂದ ನುಣುಪಾದ ಹಳೇ ಓವರ್‌ಗ್ರಿಪ್ ಇದ್ದರೆ ಇವತ್ತೇ ತೆಗೆದು ಹೊಸದು ಸುತ್ತಿ. ಜಾರುವ ಹಿಡಿಯಷ್ಟು ಕೈಯನ್ನು ಬಿಗಿ ಮಾಡಿಸುವುದು ಇನ್ನೊಂದಿಲ್ಲ. ಅದರ ಕೆಳಗಿನ ಮೂಲ ಗ್ರಿಪ್‌ನ ಮೆತ್ತೆ ಚಪ್ಪಟೆಯಾಗಿದ್ದರೆ ಅದನ್ನೂ ಬದಲಿಸಿ.

ಹಿಡಿತ ಎಷ್ಟು ಬಿಗಿ? ಪೂರ್ತಿ ಬಲ 10 ಅಂದರೆ ಚೆಂಡಿಗೆ ಕಾಯುವಾಗ 3, ಹೊಡೆಯುವಾಗ 5ರ ಹತ್ತಿರ ಇರಲಿ. ಹೊಡೆದ ತಕ್ಷಣ ಬಿಡಿ. ಎರಡು ಹೊಡೆತಗಳ ನಡುವೆಯೂ ಮುಷ್ಟಿ ಬಿಗಿ ಹಿಡಿದೇ ಓಡುವವರು ತುಂಬ ಜನ. ಮುಂಗೈ ಸ್ನಾಯುಗಳಿಗೆ ಅಲ್ಲಿ ವಿಶ್ರಾಂತಿಯೇ ಇಲ್ಲ.

ತೂಕ: ಹಗುರ ಅಂದರೆ ಹಿತ ಅಲ್ಲ

ಕೈ ನೋಯುತ್ತಿದೆ, ಹಗುರವಾದ ರ್‍ಯಾಕೆಟ್ ಕೊಡಿ. ಕೇಳಲು ಸರಿ ಅನ್ನಿಸುತ್ತದೆ ಅಲ್ವಾ? ಮೊಣಕೈ ಮಟ್ಟಿಗೆ ಇದು ಉಲ್ಟಾ. ಚೆಂಡಿನ ತೂಕ ಸುಮಾರು 58 ಗ್ರಾಂ. ಅದು ವೇಗವಾಗಿ ಬಂದು ಬಡಿದಾಗ ಭಾರದ ರ್‍ಯಾಕೆಟ್ ಕಡಿಮೆ ಅಲುಗುತ್ತದೆ. ಹಗುರದ್ದು ಹಿಂದಕ್ಕೆ ತಳ್ಳಿಸಿಕೊಳ್ಳುತ್ತದೆ, ಕೈಯಲ್ಲೇ ತಿರುಚುತ್ತದೆ. ಆ ತಿರುಚುವಿಕೆಯನ್ನು ತಡೆಯುವುದು ನಿಮ್ಮ ಮುಂಗೈ. 260 ಗ್ರಾಂನ, ತಲೆ ಭಾರದ, ಗಟ್ಟಿ ಫ್ರೇಮಿನ ರ್‍ಯಾಕೆಟ್ ನೋವಿರುವ ಮೊಣಕೈಗೆ ನಾನು ಕಂಡ ಅತಿ ಕೆಟ್ಟ ಜೋಡಿ.

ಮತ್ತೆ ತೀರಾ ಭಾರವಾದರೆ ಅದೂ ಕಷ್ಟ. ಕೈ ಸುಸ್ತಾಗಿ ಹೊಡೆತ ತಡವಾಗುತ್ತದೆ. ತಡವಾದ ಹೊಡೆತ ಮೊಣಕೈಗೆ ಮತ್ತೆ ಪೆಟ್ಟು. ಸ್ಟ್ರಿಂಗ್ ಇಲ್ಲದೆ 290ರಿಂದ 305 ಗ್ರಾಂ ಬಹುತೇಕ ವಯಸ್ಕರಿಗೆ ಒಳ್ಳೆಯ ನಡುದಾರಿ. ಸ್ಟ್ರಿಂಗ್ ಹಾಕಿದಾಗ ಇದಕ್ಕೆ ಸುಮಾರು 16 ಗ್ರಾಂ ಸೇರುತ್ತದೆ ಅನ್ನುವುದು ನೆನಪಿರಲಿ. ಅಂಗಡಿಯ ಚೀಟಿಯಲ್ಲಿ ಇರುವುದು ಸಾಮಾನ್ಯವಾಗಿ ಸ್ಟ್ರಿಂಗ್ ಇಲ್ಲದ ತೂಕ.

ತೂಕದಷ್ಟೇ ಮುಖ್ಯ, ಅದು ಎಲ್ಲಿ ಕೂತಿದೆ ಅನ್ನುವುದು. ಮೇಜಿನ ಅಂಚಿನ ಮೇಲೆ ಒಂದು ಪೆನ್ಸಿಲ್ ಇಟ್ಟು, ಅದರ ಮೇಲೆ ರ್‍ಯಾಕೆಟ್ ಅಡ್ಡ ಇಟ್ಟು ಹಿಂದೆ ಮುಂದೆ ಸರಿಸಿ. ಎರಡೂ ಕಡೆ ಸಮವಾಗಿ ನಿಲ್ಲುವ ಜಾಗಕ್ಕೆ ಗುರುತು ಹಾಕಿ ಹಿಡಿಯ ತುದಿಯಿಂದ ಅಳೆಯಿರಿ. ಸಾಮಾನ್ಯ ರ್‍ಯಾಕೆಟ್ ಉದ್ದ 27 ಇಂಚು, ಅಂದರೆ 68.6 ಸೆಂಟಿಮೀಟರ್. ಅದರ ನಡು 34.3. ನಿಮ್ಮ ಗುರುತು 32 ಸೆಂಟಿಮೀಟರ್ ಹತ್ತಿರ ಇದ್ದರೆ ತೂಕ ಹಿಡಿ ಕಡೆ ಇದೆ, ಕೈಗೆ ಒಳ್ಳೆಯದು. 34.3 ದಾಟಿದರೆ ತಲೆ ಭಾರ.

ತಲೆ ಭಾರ ಅಂತ ಗೊತ್ತಾದರೆ ಕೂಡಲೇ ಬಿಸಾಡಬೇಕಿಲ್ಲ. ಹಿಡಿಯ ಗ್ರಿಪ್ ಬಿಚ್ಚಿ, ಅದರ ಮೇಲ್ಭಾಗದಲ್ಲಿ 6ರಿಂದ 10 ಗ್ರಾಂ ಸೀಸದ ಅಥವಾ ಟಂಗ್‌ಸ್ಟನ್ ಟೇಪ್ ಸುತ್ತಿ ಮತ್ತೆ ಗ್ರಿಪ್ ಹಾಕಿ. ಬೀಸು ಅಷ್ಟಾಗಿ ನಿಧಾನವಾಗುವುದಿಲ್ಲ, ಪೆಟ್ಟು ಮಾತ್ರ ಮೆತ್ತಗಾಗುತ್ತದೆ. ಸೀಸ ಮುಟ್ಟಿದ ಮೇಲೆ ಕೈ ತೊಳೆಯಿರಿ.

ಈ ತಪಾಸಣೆಯ ಜೊತೆ ಇನ್ನೊಂದನ್ನು ಮಾಡಿ. ಹಳೇ ಚೆಂಡೊಂದನ್ನು ಚಾಕ್ ಪುಡಿಯಲ್ಲಿ ಹೊರಳಿಸಿ, ಯಾರಾದರೂ ಮೆಲ್ಲಗೆ ಎಸೆಯಲಿ, ನೀವು ಫೋರ್‌ಹ್ಯಾಂಡ್ ಹೊಡೆಯಿರಿ. ಸ್ಟ್ರಿಂಗ್ ಮೇಲೆ ಬಿಳಿ ಗುರುತು ಬೀಳುತ್ತದೆ. ಒರೆಸಿ, ಮತ್ತೆ ಹೊಡೆಯಿರಿ. ಹತ್ತು ಸಲ ನೋಡಿದರೆ ಸಾಕು. ನನ್ನ ಗುರುತುಗಳು ನಡುವಿನಿಂದ ಎರಡು ಇಂಚು ಆಚೆ, ಫ್ರೇಮ್‌ನ ಕೆಳ ಅಂಚಿನ ಕಡೆಗೆ ಗುಂಪಾಗಿ ಬಿದ್ದಿದ್ದವು. ಅಂಥ ಹೊಡೆತದಲ್ಲಿ ರ್‍ಯಾಕೆಟ್ ಪ್ರತಿ ಸಲವೂ ತಿರುಚುತ್ತದೆ. ಟಾಪ್‌ಸ್ಪಿನ್ ಹೊಡೆಯಲು ಮೇಲಕ್ಕೆ ಬೀಸುವವರಲ್ಲಿ ಇದು ಸಹಜವಾದ ತಪ್ಪು, ಏಕೆಂದರೆ ಚೆಂಡಿನ ದಾರಿಯೂ ರ್‍ಯಾಕೆಟ್‌ನ ದಾರಿಯೂ ಒಂದೇ ಗೆರೆಯಲ್ಲಿರುವುದಿಲ್ಲ. ಗಡಿಯಾರದ ಹಾಗೆ ನೋಡಿದರೆ ತಲೆಯ 3 ಗಂಟೆ, 9 ಗಂಟೆ ಜಾಗದಲ್ಲಿ ಎರಡೆರಡು ಗ್ರಾಂ ಟೇಪ್ ಅಂಟಿಸಿ. ತಿರುಚುವುದು ಕಡಿಮೆಯಾಗುತ್ತದೆ.

ಫ್ರೇಮ್: ಈಗ ಇದರ ಸರದಿ

ಇಲ್ಲಿಯವರೆಗಿನ ಎಲ್ಲ ಸರಿ ಮಾಡಿಯೂ ನೋವು ಅಥವಾ ಸ್ಪಿನ್ ತೊಂದರೆ ಉಳಿದಿದ್ದರೆ ಫ್ರೇಮ್ ನೋಡಬೇಕು.

ಮೊದಲು ಒಡೆದಿದೆಯಾ ನೋಡಿ. ತಲೆಯ ಮೇಲಿನ ಬಂಪರ್ ಪಟ್ಟಿಯ ಕೆಳಗೆ, ತಲೆಯೂ ಹಿಡಿಯೂ ಸೇರುವ ಗಂಟಲಿನ ಹತ್ತಿರ, ಕೂದಲೆಳೆಯಂಥ ಬಿರುಕು ಇರಬಹುದು. ಹೊಡೆದಾಗ ಸದ್ದು ಮಂಕಾಗಿದ್ದರೆ, ಒಳಗೆ ಏನೋ ಗಲಗಲ ಅಂದರೆ ಅನುಮಾನ ಪಡಿ. ಬಿರುಕು ಬಿಟ್ಟ ಫ್ರೇಮ್‌ಗೆ ಸ್ಟ್ರಿಂಗ್ ಹಾಕಿಸಬೇಡಿ.

ಗಡಸುತನವನ್ನು ಆರ್‌ಎ ಅನ್ನುವ ಅಂಕಿಯಲ್ಲಿ ಹೇಳುತ್ತಾರೆ. ಹೆಚ್ಚಿನ ರ್‍ಯಾಕೆಟ್‌ಗಳು 55ರಿಂದ 75ರ ನಡುವೆ ಇರುತ್ತವೆ. 63ಕ್ಕಿಂತ ಕಡಿಮೆ ಇದ್ದರೆ ಮೃದು, 68 ದಾಟಿದರೆ ಗಟ್ಟಿ ಅಂತ ನಾನು ಲೆಕ್ಕ ಹಾಕುತ್ತೇನೆ. ಗಟ್ಟಿ ಫ್ರೇಮ್ ಬಾಗುವುದಿಲ್ಲ, ಹಾಗಾಗಿ ಚೆಂಡಿಗೆ ಜಾಸ್ತಿ ಶಕ್ತಿ ವಾಪಸ್ ಹೋಗುತ್ತದೆ, ನಡುವಿನಿಂದ ತಪ್ಪಿದ ಹೊಡೆತದಲ್ಲಿ ಕೈಗೂ ಜಾಸ್ತಿ ಪೆಟ್ಟು. ಈ ಒಂದೇ ಅಂಕಿ ನೋಡಿ ತೀರ್ಮಾನಿಸಬೇಡಿ. 66 ಆರ್‌ಎ ಇರುವ, 305 ಗ್ರಾಂನ, ಮೆತ್ತನೆ ಸ್ಟ್ರಿಂಗ್ ಹಾಕಿದ ರ್‍ಯಾಕೆಟ್, 60 ಆರ್‌ಎ ಇರುವ ಆದರೆ ಸತ್ತ ಪಾಲಿ ಹಾಕಿದ ಹಗುರ ರ್‍ಯಾಕೆಟ್‌ಗಿಂತ ಎಷ್ಟೋ ಹಿತವಾಗಿರುತ್ತದೆ.

ತಲೆಯ ಅಳತೆ 98ರಿಂದ 100 ಚದರ ಇಂಚು ಹೆಚ್ಚಿನವರಿಗೆ ಸರಿ. ಚಾಕ್ ಪರೀಕ್ಷೆಯಲ್ಲಿ ಗುರುತು ಚೆಲ್ಲಾಪಿಲ್ಲಿಯಾಗಿದ್ದರೆ 100ಕ್ಕಿಂತ ಕೆಳಗೆ ಹೋಗಬೇಡಿ. ಫೆಡರರ್ ಅಂಥವರೇ ವರ್ಷಗಳ ಕಾಲ 90ರಲ್ಲಿ ಆಡಿ 2014ರಲ್ಲಿ 97ಕ್ಕೆ ಬಂದರು. ರಫೆಲ್ ನಡಾಲ್ ಆ ಭಾರೀ ಸ್ಪಿನ್ ತೆಗೆದದ್ದು 100 ಚದರ ಇಂಚಿನ, 16 ಉದ್ದ 19 ಅಡ್ಡ ಸ್ಟ್ರಿಂಗ್‌ನ ರ್‍ಯಾಕೆಟ್‌ನಿಂದ.

ಆ 16/19 ಅನ್ನುವುದು ಸ್ಪಿನ್‌ಗೆ ಮುಖ್ಯ. ಸ್ಟ್ರಿಂಗ್‌ಗಳ ನಡುವೆ ಜಾಗ ಜಾಸ್ತಿ, ಜಾರಲು ಅವಕಾಶ ಜಾಸ್ತಿ. 18/20 ಆದರೆ ಒತ್ತೊತ್ತಾಗಿರುತ್ತದೆ, ಚೆಂಡು ಹೋಗುವ ದಿಕ್ಕಿನ ಮೇಲೆ ಹಿಡಿತ ಚೆನ್ನಾಗಿರುತ್ತದೆ, ಸ್ಪಿನ್ ಸ್ವಲ್ಪ ಕಡಿಮೆ, ಸ್ಟ್ರಿಂಗ್ ಹಾಸು ಗಟ್ಟಿ ಅನ್ನಿಸುತ್ತದೆ. ಕೈ ಹಿತಕ್ಕೂ ಸ್ಪಿನ್‌ಗೂ 16/19 ಅಥವಾ 16/18 ಆರಿಸಿ. ಮೆತ್ತನೆ ಮಲ್ಟಿಫಿಲಮೆಂಟ್ ಇದರಲ್ಲಿ ಬೇಗ ಹರಿಯುತ್ತದೆ, ಅದು ನೀವು ಕೊಡಬೇಕಾದ ಬೆಲೆ.

ಎಲ್ಲ ಸರಿ ಇದೆ, ಆದರೂ ಚೆಂಡು ತಿರುಗುತ್ತಿಲ್ಲ

ನಿಮ್ಮಷ್ಟೇ ಆಡುವ, ಸ್ಪಿನ್ ಚೆನ್ನಾಗಿರುವ ಗೆಳೆಯರೊಬ್ಬರ ಕೈಗೆ ನಿಮ್ಮ ರ್‍ಯಾಕೆಟ್ ಕೊಡಿ. ಹತ್ತು ಫೋರ್‌ಹ್ಯಾಂಡ್ ಹೊಡೆಯಲಿ. ಅವರ ಕೈಯಲ್ಲಿ ಚೆಂಡು ಬಿದ್ದು ಪುಟಿದು ಮೇಲೇಳುತ್ತಿದ್ದರೆ ರ್‍ಯಾಕೆಟ್ ತಪ್ಪಿಲ್ಲ. ಅವರಿಗೂ ಬರುತ್ತಿಲ್ಲ ಅಂದರೆ ಮತ್ತೆ ಸ್ಟ್ರಿಂಗ್ ಭಾಗಕ್ಕೆ ಹೋಗಿ.

ತಪ್ಪು ಬೀಸಿನಲ್ಲಿದೆ ಅಂತಾದರೆ ಚೆಂಡು ಎಲ್ಲಿ ಬೀಳುತ್ತಿದೆ ಅನ್ನುವುದೇ ಸುಳಿವು. ನೆಟ್‌ಗೆ ಬಡಿಯುತ್ತಿದ್ದರೆ ರ್‍ಯಾಕೆಟ್ ಮುಖವನ್ನು ಜಾಸ್ತಿ ಕೆಳಕ್ಕೆ ಬಾಗಿಸುತ್ತಿದ್ದೀರಿ. ಚೆಂಡಿನ ಮೇಲೆ ಉರುಳಿಸಬೇಕು ಅಂತ ಮಣಿಕಟ್ಟು ತಿರುಗಿಸುವುದು ಇದಕ್ಕೆ ಕಾರಣ. 5 ಮಿಲಿಸೆಕೆಂಡ್‌ನಲ್ಲಿ ಯಾರೂ ಚೆಂಡಿನ ಮೇಲೆ ಉರುಳಿಸಲಾರರು. ಮುಖ ಬಹುಮಟ್ಟಿಗೆ ನೆಟ್ಟಗೇ ಇರಲಿ, ದಾರಿ ಮಾತ್ರ ಕೆಳಗಿಂದ ಮೇಲಕ್ಕೆ ಹೋಗಲಿ. ರ್‍ಯಾಕೆಟ್ ತಲೆ ಚೆಂಡಿಗಿಂತ ಕೆಳಗೆ ಇಳಿಯದಿದ್ದರೆ ಯಾವ ಸ್ಟ್ರಿಂಗ್ ಹಾಕಿದರೂ ಸ್ಪಿನ್ ಬರುವುದಿಲ್ಲ. ಚೆಂಡು ಗಿಡ್ಡವಾಗಿ ಬೀಳುತ್ತಿದ್ದರೆ ಬರೀ ಮೇಲಕ್ಕೆ ಸವರುತ್ತಿದ್ದೀರಿ, ಮುಂದಕ್ಕೆ ತಳ್ಳುತ್ತಿಲ್ಲ. ಫ್ರೇಮ್‌ಗೆ ತಾಗಿ ಎಲ್ಲೆಲ್ಲೋ ಹೋಗುತ್ತಿದ್ದರೆ ತಡವಾಗಿ ಹೊಡೆಯುತ್ತಿದ್ದೀರಿ. ಚೆಂಡು ನಿಮ್ಮ ಮುಂಗಾಲಿನ ಮುಂದಿರುವಾಗ ತಾಗಬೇಕು. ಇದನ್ನು ಸರಿಮಾಡಿಕೊಂಡರೆ ಮೊಣಕೈಗೂ ಅರ್ಧ ವಿಶ್ರಾಂತಿ.

ಇನ್ನೊಂದು ಸಣ್ಣ ಮಾತು. ಚೆಂಡೂ ನೋಡಿ. ಒದ್ದೆಯಾದ, ಗಾಳಿ ಹೋದ ಚೆಂಡು ಭಾರ ಅನ್ನಿಸುತ್ತದೆ, ಒಳಗೆ ಒತ್ತಡವೇ ಇಲ್ಲದ ಪ್ರಾಕ್ಟೀಸ್ ಚೆಂಡುಗಳು ಗಟ್ಟಿ. ನೋವಿರುವಾಗ ಎರಡೂ ಬೇಡ.

ಹೊಸದು ತಗೊಳ್ಳಲೇಬೇಕಾದರೆ

ಡೆಮೋ, ಅಂದರೆ ಆಡಿ ನೋಡಲು ಕೊಡುವ ಮಾದರಿ, ತಂದು ಆಡಿ. ಹತ್ತು ನಿಮಿಷ ಆಡಿ ಇಷ್ಟಪಡಬೇಡಿ. ಗಟ್ಟಿ, ಹಗುರ ರ್‍ಯಾಕೆಟ್ ಮೊದಲ ಹತ್ತು ನಿಮಿಷ ಯಾವಾಗಲೂ ಚೆನ್ನಾಗಿರುತ್ತದೆ. ಕನಿಷ್ಠ ಎರಡು ದಿನ, ದಿನಕ್ಕೆ ಒಂದು ಗಂಟೆ ಆಡಿ, ಸರ್ವ್ ಸೇರಿಸಿ. ಅದರಲ್ಲಿ ಯಾವ ಸ್ಟ್ರಿಂಗ್ ಇದೆ, ಎಷ್ಟು ಪೌಂಡ್, ಎಷ್ಟು ಹಳೆಯದು ಅಂತ ಕೇಳಿ. ಡೆಮೋ ರ್‍ಯಾಕೆಟ್‌ನಲ್ಲಿ ತಿಂಗಳುಗಟ್ಟಲೆ ಹಳೆಯ ಸ್ಟ್ರಿಂಗ್ ಇರುವುದು ಮಾಮೂಲು, ಅದರಿಂದ ಫ್ರೇಮ್‌ನ ಬಗ್ಗೆ ತಪ್ಪು ಅಭಿಪ್ರಾಯ ಬರುತ್ತದೆ. ಆಗುವುದಾದರೆ ನಿಮ್ಮ ಸ್ಟ್ರಿಂಗ್ ಹಾಕಿಸಿ ಆಡಿ.

ಆಮೇಲೆ ಮರುದಿನ ಬೆಳಿಗ್ಗೆ ಎದ್ದು ನೀರು ತುಂಬಿದ ಜಗ್ಗನ್ನು ಕೈ ಚಾಚಿ ಎತ್ತಿ ನೋಡಿ. ಆಡುವಾಗ ಮೈ ಬಿಸಿ ಇರುತ್ತದೆ, ನೋವು ಗೊತ್ತಾಗುವುದಿಲ್ಲ. ಬೆಳಿಗ್ಗೆ ಮೊಣಕೈ ಸುಳ್ಳು ಹೇಳುವುದಿಲ್ಲ.

ನನ್ನ ಈಗಿನ ರ್‍ಯಾಕೆಟ್ 300 ಗ್ರಾಂ, 98 ಚದರ ಇಂಚು, 16/19, ಆರ್‌ಎ 62. ಉದ್ದಕ್ಕೆ ಮಲ್ಟಿಫಿಲಮೆಂಟ್ 50 ಪೌಂಡ್, ಅಡ್ಡಕ್ಕೆ ನಯವಾದ ಪಾಲಿ 47. ಸ್ಟ್ರಿಂಗ್ ಹಾಕಿಸಿದ ದಿನವೇ ಒಂದು ಸಣ್ಣ ಸ್ಟಿಕ್ಕರ್ ಮೇಲೆ ತಾರೀಕು, ಪೌಂಡ್ ಬರೆದು ಗಂಟಲಿನ ಒಳಬದಿಗೆ ಅಂಟಿಸುತ್ತೇನೆ. ಪ್ರತಿ ಗಂಟೆ ಆಟಕ್ಕೆ ಒಂದು ಗೆರೆ. ಹದಿನೈದು ಗೆರೆ ತುಂಬಿದಾಗ, ಸ್ಟ್ರಿಂಗ್ ನೋಡಲು ಎಷ್ಟೇ ಚೆನ್ನಾಗಿದ್ದರೂ, ಕತ್ತರಿ ತಗೊಂಡು ನಡುವಿನಿಂದ ಶುರು ಮಾಡಿ ಕತ್ತರಿಸಿಬಿಡುತ್ತೇನೆ.